ಮಂಜಿನ ಬೊಂಬೆ ಕರಗಿದರೆ ಕರಗಲಿ ಬಿಡಿ

ಮೊದಲೇ ಹೇಳಿಬಿಡ್ತೀನಿ, ರೇಮಂಡ್ ಬ್ರಿಗ್ಸ್‌ನ ‘ದಿ ಸ್ನೋಮ್ಯಾನ್’ ಪುಸ್ತಕದಲ್ಲಿ ಕ್ರಿಸ್‌ಮಸ್ಸೇ ಇಲ್ಲ. 1978ರಲ್ಲಿ ಬಂದ ಚಿತ್ರಪುಸ್ತಕ ಅದು. ಒಳಗೆ ಮಾತೇ ಇಲ್ಲ, ಬರೀ ಬಣ್ಣದ ಪೆನ್ಸಿಲಿನಲ್ಲಿ ತೀಡಿದ ಮೆತ್ತನೆಯ ಚಿತ್ರಗಳು. ಹುಡುಗನೊಬ್ಬ ಬೆಳಗ್ಗೆ ಎದ್ದು ನೋಡಿದರೆ ಹೊರಗೆಲ್ಲ ಹಿಮ ಬಿದ್ದಿದೆ. ಓಡಿಹೋಗಿ ಒಂದು ಬೊಂಬೆ ಮಾಡ್ತಾನೆ. ರಾತ್ರಿ ಅದಕ್ಕೆ ಜೀವ ಬರುತ್ತೆ. ಹುಡುಗ ಅದನ್ನ ಒಳಗೆ ಕರೆದು ಮನೆ ತೋರಿಸಿ, ಊಟ ಹಾಕ್ತಾನೆ. ಆಮೇಲೆ ಇಬ್ಬರೂ ಆಕಾಶದಲ್ಲಿ ಒಂದು ಸುತ್ತು ಹಾರಿ ಬರ್ತಾರೆ. ಬೆಳಗಾಗುವ ಹೊತ್ತಿಗೆ ಬೊಂಬೆ ಕರಗಿ ಹೋಗಿದೆ. ಇಷ್ಟೇ ಕತೆ. ಹಬ್ಬದ ಮರ ಇಲ್ಲ, ಉಡುಗೊರೆ ಇಲ್ಲ, ಸಾಂತಾ ಅಂತೂ ಇಲ್ಲವೇ ಇಲ್ಲ.

ಕ್ರಿಸ್‌ಮಸ್ ಬಂದು ಸೇರಿಕೊಂಡದ್ದು ನಾಲ್ಕು ವರ್ಷ ಆದಮೇಲೆ, ಡಯಾನ್ ಜಾಕ್ಸನ್ ನಿರ್ದೇಶನದಲ್ಲಿ ಅದು 26 ನಿಮಿಷದ ಕಾರ್ಟೂನ್ ಸಿನಿಮಾ ಆದಾಗ. 1982ರ ಡಿಸೆಂಬರ್ 26ಕ್ಕೆ ಚಾನೆಲ್ ಫೋರ್‌ನಲ್ಲಿ ಮೊದಲ ಸಲ ಬಂತು. ಆ ಚಾನೆಲ್ಲೇ ಶುರುವಾಗಿ ಎರಡು ತಿಂಗಳು ತುಂಬಿರಲಿಲ್ಲ. ಈಗ ಇಂಗ್ಲೆಂಡಿನಲ್ಲಿ ಡಿಸೆಂಬರ್ ಅಂದರೆ ಅದು ಬರಲೇಬೇಕು. ನಮ್ಮ ಕಡೆ ರಾಜ್ಯೋತ್ಸವಕ್ಕೆ ಹಳೇ ರಾಜ್‌ಕುಮಾರ್ ಸಿನಿಮಾ ಹಾಕಲೇಬೇಕಲ್ಲ, ಹಾಗೆ. ನಾವು ಈ ದೇಶಕ್ಕೆ ಬಂದಮೇಲಿನ ಮೂರು ಕ್ರಿಸ್‌ಮಸ್ಸಿನಲ್ಲೂ ನೋಡಿದ್ದೀವಿ. ಈ ಸಲ ಸಿನಿಮಾ, ಮೂಲ ಪುಸ್ತಕ, ಆಮೇಲೆ ಬಂದ ಎರಡನೇ ಭಾಗ, ಮೂರನ್ನೂ ಎರಡೇ ದಿನದಲ್ಲಿ ನೋಡಿ ಮುಗಿಸಿದೆವು. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಪಕ್ಕದಲ್ಲಿದ್ದರೆ ವಿಮರ್ಶೆಗೆ ಬೇರೆ ತಯಾರಿ ಬೇಕಾಗಲ್ಲ. ಪ್ರಶ್ನೆ ಕೇಳೋ ಕೆಲಸ ಅವರೇ ನೋಡ್ಕೋತಾರೆ.

ಎರಡು ದಿನ ಮನೆಯಲ್ಲೇ ಕೂತಿದ್ದೇಕೆ ಅಂತ ಬೆಂಗಳೂರಿನವರು ಕೇಳಬಹುದು. ಇಲ್ಲಿ ಡಿಸೆಂಬರ್ 25ಕ್ಕೆ ಹೊರಗೆ ಹೋಗಿ ಮಾಡೋದೇನೂ ಇರಲ್ಲ. ರೈಲು ಓಡಲ್ಲ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಅವತ್ತು ಬಾಗಿಲು ತೆಗೆಯೋ ಹಾಗೇ ಇಲ್ಲ, ಅದಕ್ಕಂತಲೇ 2004ರಲ್ಲಿ ಕಾನೂನು ಮಾಡಿದ್ದಾರೆ. ಮಧ್ಯಾಹ್ನ ಮೂರಕ್ಕೆ ಟೀವಿಯಲ್ಲಿ ರಾಜರ ಭಾಷಣ, ನಾಲ್ಕಕ್ಕೆಲ್ಲ ಕತ್ತಲು. ಚರ್ಚ್ ಸ್ಟ್ರೀಟು, ಬ್ರಿಗೇಡ್ ರೋಡಿನ ನೂಕುನುಗ್ಗಲು, ಮಾಲ್‌ನಲ್ಲಿ ಸೋಪಿನ ನೊರೆಯ ಹಿಮ ಉದುರಿಸೋದು, ಇವನ್ನೆಲ್ಲ ಕ್ರಿಸ್‌ಮಸ್ ಅಂದುಕೊಂಡು ಬಂದ ನನಗೆ ಮೊದಲ ವರ್ಷ ಇದು ಬಂದ್ ಥರ ಕಂಡಿತ್ತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.

ನಾವು ಕ್ರೈಸ್ತರಲ್ಲ. ಆದರೂ ಮಾಡ್ತೀವಿ, ಮಕ್ಕಳು ಸ್ಕೂಲಿನಿಂದ ಹಬ್ಬವನ್ನ ಬ್ಯಾಗಿನಲ್ಲಿ ಹಾಕಿಕೊಂಡೇ ಬರ್ತಾರಲ್ಲ. ಯೇಸು ಹುಟ್ಟಿದ ಕತೆಯ ನಾಟಕದಲ್ಲಿ ನಮ್ಮ ಚಿಕ್ಕವನು ಕುರಿ. ಡೈಲಾಗ್ ಅಂತ ಇದ್ದದ್ದು ಒಂದೇ ಒಂದು ‘ಬ್ಯಾ’, ಅದನ್ನೂ ಮರೆತು ಕೈಬೀಸಿ ಬಂದ. ಮನೆಯಲ್ಲಿ ಮೊಣಕಾಲೆತ್ತರದ ಮರ, ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್, ಹಪ್ಪಳ, ಸಂಜೆಗೆ ಅಂಗಡಿಯಿಂದ ತಂದ ಮಿನ್ಸ್ ಪೈ. ಹೆಸರು ಕೇಳಿ ಹೆದರಬೇಡಿ, ಒಳಗೆ ಒಣದ್ರಾಕ್ಷಿ ಹೂರಣ ತುಂಬಿದ ಪುಟ್ಟ ಕಡುಬಿನಂಥದ್ದು.

ಈಗ ಸಿನಿಮಾಕ್ಕೆ ಬರ್ತೀನಿ. ಇಲ್ಲಿ ಎಲ್ಲರಿಗೂ ನೆನಪಿರೋದು ಹಾರೋ ದೃಶ್ಯ. ಹವರ್ಡ್ ಬ್ಲೇಕ್‌ನ ಸಂಗೀತ, ಪೀಟರ್ ಆಟಿ ಅನ್ನೋ ಹುಡುಗ ಹಾಡಿದ ಹಾಡು, ಕೆಳಗೆ ಜಾರಿಹೋಗುವ ಹೊಲ, ಊರು, ಸಮುದ್ರ. ಚೆನ್ನಾಗಿಲ್ಲ ಅಂತ ಯಾರೂ ಹೇಳೋಕಾಗಲ್ಲ. ಆದರೆ ನನ್ನ ಲೆಕ್ಕದಲ್ಲಿ ಸಿನಿಮಾದ ಜೀವ ಇರೋದು ಅದಕ್ಕೂ ಮುಂಚೆ, ಮನೆಯೊಳಗೆ. ನಡುರಾತ್ರಿ, ಅಪ್ಪ ಅಮ್ಮ ಮಲಗಿದ್ದಾರೆ. ಹುಡುಗ ಅತಿಥಿಯ ಕೈ ಹಿಡಿದು ಒಂದೊಂದೇ ತೋರಿಸ್ತಾ ಹೋಗ್ತಾನೆ. ದೀಪ ಹಾಕಿ ಆರಿಸ್ತಾನೆ. ಬೆಂಕಿ ಕಂಡರೆ, ಬಿಸಿ ತಾಕಿದರೆ ಬೊಂಬೆ ಬೆಚ್ಚಿಬೀಳುತ್ತೆ. ಹಣ್ಣೆತ್ತಿ ಮೂಗಿಗೆ ಇಟ್ಟುಕೊಂಡು ನೋಡುತ್ತೆ. ಮಲಗೋ ಕೋಣೆಗೆ ನುಗ್ಗಿ ಅಪ್ಪನ ಬಟ್ಟೆ ಹಾಕ್ಕೊಳ್ಳುತ್ತೆ, ಲೋಟದಲ್ಲಿಟ್ಟ ಕಟ್ಟಿದ ಹಲ್ಲನ್ನ ಬಾಯಿಗೆ ಸಿಕ್ಕಿಸಿಕೊಳ್ಳುತ್ತೆ. ದಿನಾ ನೋಡಿ ಬೇಜಾರಾಗಿರೋ ಮನೆ ಹುಡುಗನಿಗೇ ಹೊಸದಾಗಿ ಕಾಣಿಸೋಕೆ ಶುರುವಾಗುತ್ತೆ. ಮಕ್ಕಳ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಮಗುವನ್ನ ಎಲ್ಲಿಗಾದರೂ ಕರ್ಕೊಂಡು ಹೋಗಿ ಬೆರಗು ತೋರಿಸ್ತಾರೆ. ಇಲ್ಲಿ ಮಗುವೇ ಮನೆಯ ಯಜಮಾನ. ಬೊಂಬೆಗೆ ಸೆಖೆಯಾದಾಗ ಫ್ರೀಜರ್ ತೆಗೆದು ಅದರಲ್ಲಿ ಮಲಗಿಸೋ ಉಪಚಾರವೂ ಅವನದ್ದೇ.

ಇದು ಸುಳ್ಳಲ್ಲ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಎರಡು ವರ್ಷದ ಹಿಂದೆ ನನ್ನ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾಗ, ಆಗಿನ್ನೂ ಐದು ವರ್ಷದ ಮಗಳು ತಾತನ ಬೆರಳು ಹಿಡ್ಕೊಂಡು ಹೀಗೇ ಮನೆಯೆಲ್ಲ ಸುತ್ತಿಸಿದ್ದಳು. ಇದು ಪಾತ್ರೆ ತೊಳೆಯೋ ಮಷೀನು ತಾತ, ಇದು ಪೇಪರಿನ ಡಬ್ಬ, ಇದು ಊಟದ ಕಸದ ಡಬ್ಬ, ಇದನ್ನ ಮುಟ್ಟಬೇಡಿ ಬಿಸಿ ಇರುತ್ತೆ. ಏಪ್ರಿಲ್ ತಿಂಗಳಲ್ಲೂ ಅಪ್ಪ ರೇಡಿಯೇಟರಿಗೆ ಬೆನ್ನು ಕೊಟ್ಟೇ ಕೂತಿರೋರು. ರಾತ್ರಿ ಅವರ ಹಲ್ಲಿನ ಸೆಟ್ಟೂ ಸ್ಟೀಲ್ ಲೋಟಕ್ಕೇ ಹೋಗ್ತಿತ್ತು. ಆ ಲೋಟದ ಸುತ್ತ ಮಕ್ಕಳ ಕಾವಲು ಬೇರೆ.

ಸಿನಿಮಾ ಸೊರಗೋದು ಹಾರಿ ಉತ್ತರ ಧ್ರುವಕ್ಕೆ ತಲುಪಿದ ಮೇಲೆ. ಪುಸ್ತಕದಲ್ಲಿ ಇಬ್ಬರೂ ಹೋಗೋದು ಬ್ರೈಟನ್‌ವರೆಗೆ ಮಾತ್ರ. ಬ್ರಿಗ್ಸ್ ಇದ್ದ ಸಸೆಕ್ಸ್‌ನ ಕಡಲತೀರದ ಊರು ಅದು. ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ನಿಂತು ಬೆಳಕು ಹರಿಯೋದನ್ನ ನೋಡಿ ವಾಪಸ್ ಬರ್ತಾರೆ. ಸಿನಿಮಾದವರಿಗೆ ಅಷ್ಟು ಸಾಕಾಗಲಿಲ್ಲ. ಉತ್ತರಕ್ಕೆ ಹಾರಿಸಿ, ಸಾಂತಾನನ್ನ ಕರೆಸಿ, ಹತ್ತಾರು ಮಂಜಿನ ಬೊಂಬೆಗಳ ಕೈಯಲ್ಲಿ ಕುಣಿಸಿ, ಹುಡುಗನಿಗೆ ಒಂದು ಸ್ಕಾರ್ಫ್ ಕೊಡಿಸಿದರು. ಕುಣಿತ ಬಂದಾಗ ನಮ್ಮ ಮಕ್ಕಳೂ ಕುಣಿದರು, ಇಲ್ಲ ಅನ್ನಲ್ಲ. ಆದರೆ ಅಲ್ಲಿವರೆಗೆ ಅವರು ಕುಣಿಯದೆ, ಉಸಿರು ಬಿಗಿಹಿಡಿದು ಕೂತಿದ್ದರು. ಎರಡರಲ್ಲಿ ಯಾವುದು ದೊಡ್ಡದು ಅನ್ನೋದರಲ್ಲಿ ನನಗಂತೂ ಅನುಮಾನ ಇಲ್ಲ. ಹಬ್ಬ ಅಂದರೆ ಜನ, ಗದ್ದಲ, ಗಿಫ್ಟು ಅನ್ನೋ ಲೆಕ್ಕಾಚಾರ ಸಿನಿಮಾದೊಳಗೆ ನುಗ್ಗೋದು ಇಲ್ಲೇ. ಮನೆಯೊಳಗಿನ ಮೌನವನ್ನ ಅಷ್ಟು ಚೆನ್ನಾಗಿ ಕಟ್ಟಿದವರಿಗೆ ಅದರ ಮೇಲೆ ಇನ್ನೂ ಸ್ವಲ್ಪ ಹೊತ್ತು ನಂಬಿಕೆ ಇರಬೇಕಿತ್ತು.

ಕೊನೆಯನ್ನ ಮಾತ್ರ ಅವರು ಕೆಡಿಸಲಿಲ್ಲ. ಬೆಳಗ್ಗೆ ಹುಡುಗ ಓಡಿಬರ್ತಾನೆ. ಹ್ಯಾಟು ಬಿದ್ದಿದೆ, ಒಂದು ಗುಡ್ಡೆ ಮಂಜು ಬಿದ್ದಿದೆ. ಪುಸ್ತಕದ ಕೊನೇ ಚಿತ್ರ ಪುಟ್ಟದು, ಸುತ್ತಲೂ ಖಾಲಿ ಬಿಳಿ. ಅಳುವ ಮುಖ ತೋರಿಸೋದು, ಅಮ್ಮ ಬಂದು ತಬ್ಬಿಕೊಳ್ಳೋದು, ಯಾವುದೂ ಇಲ್ಲ. ಸಿನಿಮಾದಲ್ಲಿ ಒಂದು ಸಣ್ಣ ಬದಲಾವಣೆ: ಹುಡುಗ ಜೇಬಿಗೆ ಕೈ ಹಾಕಿದಾಗ ಸಾಂತಾ ಕೊಟ್ಟ ಸ್ಕಾರ್ಫ್ ಸಿಗುತ್ತೆ. ಅದನ್ನ ಹಿಡ್ಕೊಂಡು ಮಂಡಿಯೂರಿ ಕೂರ್ತಾನೆ. ಮುಗೀತು.

ನಮ್ಮನೇಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕವನು, “ಫ್ರೀಜರ್‌ನಲ್ಲೇ ಬಿಡಬೇಕಿತ್ತು ಅಮ್ಮ, ಯಾಕೆ ಆಚೆ ಕರ್ಕೊಂಡು ಬಂದ?” ಅಂದ. ಕತೆಯ ತರ್ಕದಲ್ಲಿ ಇದಕ್ಕೆ ಉತ್ತರ ಇಲ್ಲ, ನೀವೇ ಯೋಚಿಸಿ. ದೊಡ್ಡವಳು ಯೋಚಿಸಿ, “ಗಣೇಶನ್ನ ಬಕೆಟ್‌ನಲ್ಲಿ ಬಿಡ್ತೀವಲ್ಲ, ಹಂಗೆ ಕಣೋ. ಇಟ್ಕೊಳ್ಳೋ ಹಾಗಿಲ್ಲ” ಅಂದಳು.

ಈ ಸಿನಿಮಾದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನ ನಾನು ಕೇಳಿಲ್ಲ. ಮಾಡಿ, ಕೂರಿಸಿ, ಕಡುಬು ತಿನ್ನಿಸಿ, ಜೊತೆಗೆ ಮಾತಾಡಿ, ಆಮೇಲೆ ಕೈಯಾರೆ ನೀರಿಗೆ ಬಿಡೋ ದೇವರನ್ನ ನೋಡಿ ಬೆಳೆದ ಮಕ್ಕಳಿಗೆ ಮಂಜಿನ ಬೊಂಬೆ ಕರಗೋದು ಹೊರಗಿನ ಕತೆಯಲ್ಲ. ‘ಗೋವಿನ ಹಾಡು’ ಕೇಳಿ ಅತ್ತ ನಾವೂ ಅಷ್ಟೇ. ಕರುವಿಗೆ ವಿದಾಯ ಹೇಳಿ ಹುಲಿಯ ಬಾಯಿಗೆ ನಡೆದ ಹಸುವನ್ನ, ಕೊನೆಗೆ ಪ್ರಾಣ ಬಿಟ್ಟ ಹುಲಿಯನ್ನ, ಮಕ್ಕಳಿಗೆ ಭಾರ ಆಗುತ್ತೆ ಅಂತ ಯಾರೂ ನಮ್ಮಿಂದ ಮುಚ್ಚಿಡಲಿಲ್ಲ. ಸ್ಕಾರ್ಫ್ ಬಗ್ಗೆ ಪುಸ್ತಕದ ಅಭಿಮಾನಿಗಳು ಮೂಗು ಮುರಿಯೋದುಂಟು, ಸಮಾಧಾನದ ಬಹುಮಾನ ಅಂತ. ನಾನು ಒಪ್ಪಲ್ಲ. ಗಣಪತಿ ಬಿಟ್ಟು ಬರುವಾಗ ನಮ್ಮಜ್ಜಿ ಕೆರೆದಂಡೆಯ ಒಂದು ಹಿಡಿ ಮಣ್ಣನ್ನ ತಟ್ಟೆಯಲ್ಲಿ ಮನೆಗೆ ತರೋರು. ಆ ಮಣ್ಣು ಗಣಪತಿ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಬಂದಿದ್ದ, ಹೋದ, ಎರಡೂ ನಿಜ ಅನ್ನೋದಕ್ಕೆ ಗುರುತು ಅಷ್ಟೇ. ಸ್ಕಾರ್ಫ್ ಕೂಡ ಅಂಥದ್ದು. ಈ ಸಿನಿಮಾಕ್ಕೆ ಡೇವಿಡ್ ಬೋವಿ ಬಂದು ಹೋಗುವ ಇನ್ನೊಂದು ಪೀಠಿಕೆಯಿದೆ. ದೊಡ್ಡವನಾದ ಅದೇ ಹುಡುಗ ಅನ್ನೋ ಥರ ಅಟ್ಟ ಹತ್ತಿ, ಆ ಸ್ಕಾರ್ಫ್ ತೆಗೀತಾನೆ. ಬೊಂಬೆ ಮಾತ್ರ ವಾಪಸ್ ಬರಲ್ಲ.

ಈ ಭಾಗ ನನಗೆ ಯಾಕೆ ಇಷ್ಟು ಮುಖ್ಯ ಅಂದರೆ, ಅಪ್ಪ ಆಗಸ್ಟಿನಲ್ಲಿ ತೀರಿಕೊಂಡರು. ನಾಲ್ಕು ಜನಕ್ಕೆ ತಕ್ಷಣ ಟಿಕೆಟ್ ಆಗಲಿಲ್ಲ, ನಾನೊಬ್ಬಳೇ ಹೋದೆ. ಮಕ್ಕಳು ತಾತನ್ನ ಕೊನೇ ಸಲ ನೋಡಿದ್ದು ಫೋನಿನಲ್ಲಿ, ಯಾರದ್ದೋ ನಡುಗುವ ಕೈಯೊಳಗಿಂದ. ಆಮೇಲೆ ವಿಡಿಯೋ ಕಾಲಿನಲ್ಲಿ ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು: ತಾತ ನಕ್ಷತ್ರ ಆದರು, ದೇವರ ಮನೆಗೆ ಹೋದರು, ನಿದ್ದೆ ಮಾಡ್ತಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಕ್ಟೋಬರಿನಲ್ಲಿ ಒಂದು ಭಾನುವಾರ ಚಿಕ್ಕವನು, ಅಜ್ಜಿಯ ಜೊತೆ ಮಾತಾಡ್ತಾ ಮಾತಾಡ್ತಾ, “ತಾತಂಗೆ ಎಚ್ಚರ ಆಯ್ತಾ?” ಅಂತ ಕೇಳಿಬಿಟ್ಟ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. ಹೀಗಾಗಿ ಈ ವರ್ಷ ಯಾರನ್ನೂ ಕರೀಲಿಲ್ಲ, ಎಲ್ಲಿಗೂ ಹೋಗಲಿಲ್ಲ, ಹಬ್ಬ ಮನೆಮಟ್ಟಿಗೇ ಆಯ್ತು.

ಗಣೇಶನ ಮಾತಾಡಿದ ಮೇಲೆ ದೊಡ್ಡವಳು ಮೆಲ್ಲಗೆ ಕೇಳಿದಳು. “ತಾತನೂ ಹಂಗೇನಾ ಅಮ್ಮ? ಬರಲ್ಲ ಅಲ್ವಾ?” ಹೌದು ಪುಟ್ಟಿ, ಬರಲ್ಲ ಅಂದೆ. ಸ್ವಲ್ಪ ಅತ್ತಳು. ಆಮೇಲೆ ಮಿನ್ಸ್ ಪೈ ಕೇಳಿದಳು.

ಮಾರನೇ ದಿನ ಎರಡನೇ ಭಾಗ ನೋಡಿದೆವು. ‘ದಿ ಸ್ನೋಮ್ಯಾನ್ ಅಂಡ್ ದಿ ಸ್ನೋಡಾಗ್’, 2012ರ ಕ್ರಿಸ್‌ಮಸ್ಸಿಗೆ ಬಂದದ್ದು, ಮೊದಲನೆಯದಕ್ಕೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ. ಅದೇ ಮನೆಗೆ ಹೊಸ ಹುಡುಗ ಬರ್ತಾನೆ. ಅವನ ಮುದಿ ನಾಯಿ ಸಾಯುತ್ತೆ. ನೆಲದ ಹಲಗೆಯಡಿ ಹಳೇ ಸ್ನೋಮ್ಯಾನಿನ ಸಾಮಾನು ಸಿಗುತ್ತೆ. ಬೊಂಬೆ ಮಾಡ್ತಾನೆ, ಉಳಿದ ಮಂಜಿನಲ್ಲಿ ನಾಯಿಯನ್ನೂ ಮಾಡಿ ಕಾಲುಚೀಲದ ಕಿವಿ ಸಿಕ್ಕಿಸ್ತಾನೆ. ಇಲ್ಲಿವರೆಗೆ ತಕರಾರಿಲ್ಲ. ನಾಯಿ ಸತ್ತ ಮನೆಯ ಆ ಕೆಲವು ನಿಮಿಷವಂತೂ ಮೊದಲ ಸಿನಿಮಾದ ಹತ್ತಿರಕ್ಕೆ ಬರುತ್ತೆ. ಆದರೆ ಕೊನೆಗೆ ಏನು ಮಾಡಿದರು? ಸಾಂತಾ ಕೊಟ್ಟ ಕೊರಳಪಟ್ಟಿಯನ್ನ ಮಂಜಿನ ನಾಯಿಗೆ ಕಟ್ಟಿದ್ದೇ ತಡ, ಅದು ರಕ್ತಮಾಂಸದ ನಿಜವಾದ ನಾಯಿ ಆಗಿಬಿಡುತ್ತೆ. ಸ್ನೋಮ್ಯಾನ್ ಕರಗ್ತಾನೆ, ಪಾಪ, ಆದರೆ ಹುಡುಗನ ಮಡಿಲಲ್ಲಿ ನಾಯಿ ಇದೆಯಲ್ಲ.

ಚಿತ್ರ ಬಿಡಿಸೋದರಲ್ಲಿ, ಸಂಗೀತದಲ್ಲಿ ಕಷ್ಟಪಟ್ಟಿದ್ದಾರೆ. ಕೈಯಲ್ಲೇ ಬಿಡಿಸಿದ ಹಳೇ ಶೈಲಿಯನ್ನ ಉಳಿಸಿಕೊಂಡದ್ದಕ್ಕೆ ಶಹಬ್ಬಾಸ್ ಅನ್ನಬೇಕು. ಆದರೆ ಕೊರಳಪಟ್ಟಿ ಮೊದಲ ಸಿನಿಮಾದ ಬುಡಕ್ಕೇ ಕೊಡಲಿ ಹಾಕುತ್ತೆ. ಸ್ಕಾರ್ಫ್ ಗುರುತು, ಕೊರಳಪಟ್ಟಿ ಬದಲಿ ಮಾಲು. ಹಳೇದು ಹೋಯ್ತಾ, ತಗೋ ಹೊಸದು, ಅದೇ ಮಾಡೆಲ್ಲು. ಮಗು ಅಳಬಾರದು ಅನ್ನೋ ಕಾಳಜಿ ಇದು ಅಂತ ಅನ್ನಿಸಬಹುದು. ಆ ಕಾಳಜಿಯ ಬೆಲೆ ಏನು ಅಂತ ನಮ್ಮ ಚಿಕ್ಕವನು ಹತ್ತೇ ಸೆಕೆಂಡಿನಲ್ಲಿ ತೋರಿಸಿಕೊಟ್ಟ. ಚಪ್ಪಾಳೆ ತಟ್ಟಿ ಖುಷಿಪಟ್ಟು, ತಿರುಗಿ, “ಸಾಂತಾ ನಾಯಿಗೆ ಬೆಲ್ಟ್ ಕೊಟ್ಟ. ತಾತಂಗ್ಯಾಕೆ ಕೊಡಲಿಲ್ಲ?” ಅಂದ.

ಹಿಂದಿನ ಸಂಜೆ ಅವನ ಅಕ್ಕನಿಗೆ ಸಿಕ್ಕಿದ್ದ ಉತ್ತರ ಕಷ್ಟದ್ದಾಗಿತ್ತು, ಆದರೆ ಗಟ್ಟಿಯಾಗಿತ್ತು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸಾಂತಾನ ಮೇಲೆ ಆರೋಪ ಹೊರಿಸಬೇಕು, ಇಲ್ಲಾ ತಾತನ ಮೇಲೆ. ನನ್ನ ಗಂಡ, “ಅದು ಕತೆ ಕಂದ, ಕತೇಲಿ ಮಾತ್ರ ಹಂಗಾಗೋದು” ಅಂದ. “ನಿನ್ನೇದೂ ಕತೇನೇ” ಅಂದ ಮಗ. ಹೌದಲ್ಲ. ಕತೆಗಳಲ್ಲೇ ಒಂದನ್ನ ನಂಬಬಹುದು, ಇನ್ನೊಂದನ್ನ ನಂಬೋಕಾಗಲ್ಲ ಅನ್ನೋದನ್ನ ನಾಲ್ಕು ವರ್ಷದವನಿಗೆ ಹೇಗೆ ಹೇಳ್ತೀರಿ? ಅಕ್ಕನೇ ಕೊನೆಗೆ, “ಅವರು ನಾಯಿ ಇಷ್ಟಪಡೋರಿಗೆ ಮಾಡಿದ ಸಿನಿಮಾ, ಅದಕ್ಕೆ” ಅಂತ ತೀರ್ಪು ಕೊಟ್ಟು ಮುಗಿಸಿದಳು.

ಬ್ರಿಗ್ಸ್ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಇದೆಲ್ಲ ಅರ್ಧ ಆಗುತ್ತೆ. ಆತ ಹುಟ್ಟಿದ್ದು 1934ರಲ್ಲಿ, ಲಂಡನ್ನಿನ ವಿಂಬಲ್ಡನ್‌ನಲ್ಲಿ. ಅಪ್ಪ ಅರ್ನೆಸ್ಟ್ ಮನೆಮನೆಗೆ ಹಾಲು ಹಾಕುವವರು, ಅಮ್ಮ ಎಥೆಲ್ ಮದುವೆಗೆ ಮುಂಚೆ ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದವರು. 1971ರಲ್ಲಿ ಇಬ್ಬರೂ ಒಂದೇ ವರ್ಷದಲ್ಲಿ ಹೋದರು. 1973ರಲ್ಲಿ ಹೆಂಡತಿಯೂ ಹೋದರು, ರಕ್ತದ ಕ್ಯಾನ್ಸರಿಗೆ. ಮಕ್ಕಳಿರಲಿಲ್ಲ. ಅದೇ 1973ರಲ್ಲಿ ಬಂದದ್ದು ‘ಫಾದರ್ ಕ್ರಿಸ್‌ಮಸ್’. ಮಕ್ಕಳ ಪುಸ್ತಕದ ಚಿತ್ರಗಳಿಗೆ ಇಲ್ಲಿ ಕೊಡುವ ದೊಡ್ಡ ಪ್ರಶಸ್ತಿ, ಆಗ ಕೇಟ್ ಗ್ರೀನವೇ ಪದಕ ಅನ್ನಿಸಿಕೊಳ್ಳುತ್ತಿದ್ದದ್ದು, ಅದಕ್ಕೆ ಸಿಕ್ಕಿತು. ಬರೆದವನ ಬದುಕಿನಿಂದ ಪುಸ್ತಕವನ್ನ ಲೆಕ್ಕ ಹಾಕಿ ತೆಗೆಯೋ ವಿಮರ್ಶೆ ನನಗೆ ಹಿಡಿಸಲ್ಲ. ಆದರೂ, ಮೂರು ವರ್ಷದಲ್ಲಿ ಮೂರು ಜನರನ್ನ ಕಳಕೊಂಡವನು ಕೊರಳಪಟ್ಟಿ ಕಟ್ಟುವ ಕತೆ ಬರೆಯಲಿಲ್ಲ ಅನ್ನೋದನ್ನಾದರೂ ಗಮನಿಸಬೇಕು.

ಸದ್ದಿಲ್ಲದ ಹಬ್ಬಕ್ಕೆ ಇನ್ನೊಂದು ಪುಸ್ತಕ ಬೇಕು ಅಂದರೆ ನಾನು ಕೊಡೋದು ಈ ‘ಫಾದರ್ ಕ್ರಿಸ್‌ಮಸ್ಸೇ’. ಇದರಲ್ಲಿ ಸಾಂತಾ ಒಬ್ಬ ಒಂಟಿ ಮುದುಕ. ಬೇಸಿಗೆಯ ಕನಸು ಕಾಣ್ತಿದ್ದವನಿಗೆ ಎಚ್ಚರ ಆಗುತ್ತೆ, ಕೆಲಸದ ದಿನ ಬಂದೇಬಿಟ್ಟಿದೆ. ಗೊಣಗ್ತಾ ಚಹಾ ಮಾಡ್ಕೊಂಡು, ಹಿಮಸಾರಂಗಗಳಿಗೆ ಮೇವು ಹಾಕಿ, ಬುತ್ತಿ ಕಟ್ಟಿಕೊಂಡು ಹೊರಡ್ತಾನೆ. ಚಿಮಣಿ ಇಕ್ಕಟ್ಟು ಅಂತ ಬೈತಾನೆ, ಚಿಮಣಿಯೇ ಇಲ್ಲದ ಮನೆಗಳನ್ನ ಕಂಡು ತಲೆ ಚಚ್ಚಿಕೊಳ್ತಾನೆ. ಬೆಳಗಿನ ಜಾವ ಹಾಲಿನವನು ಎದುರಾಗಿ, ಇಬ್ಬರು ಡ್ಯೂಟಿಯವರು ಮಾತಾಡಿಕೊಳ್ಳೋ ಹಾಗೆ ಎರಡು ಮಾತಾಡಿ ಹೋಗ್ತಾರೆ. ಅಪ್ಪನ ಕಸುಬು ಮಗನ ಪುಸ್ತಕದಲ್ಲಿ ಹೀಗೆ ಹಾದುಹೋಗುತ್ತೆ. ಹತ್ತು ನಿಮಿಷದಲ್ಲಿ ಸಾಮಾನು ತರಿಸಿಕೊಳ್ಳೋ ನಮ್ಮಂಥವರು ಮಕ್ಕಳಿಗೆ ಇದನ್ನ ಒಂದು ಸಲ ಓದಿ ಹೇಳಬೇಕು. ಚಿಮಣಿಯಲ್ಲಿ ಇಳಿಯೋನು ಕೂಡ ಡೆಲಿವರಿಯವನೇ, ಅವನಿಗೂ ಕಾಲು ನೋಯುತ್ತೆ. ಮನೆಗೆ ಬಂದು ತನ್ನ ಅಡಿಗೆ ತಾನೇ ಮಾಡಿ, ನಾಯಿ ಬೆಕ್ಕಿನ ಜೊತೆ ಊಟ ಮುಗಿಸಿ, ಮಲಗ್ತಾನೆ. ಯಾರೂ ಬರಲ್ಲ. ಅವನಿಗೆ ಅದರಿಂದ ಬೇಜಾರೂ ಇದ್ದಂತಿಲ್ಲ, ಒಲೆ ಬಿಸಿ ಇದ್ದರೆ ಸಾಕು.

ಓದಿ ಹೇಳೋದರಲ್ಲಿ ಒಂದೇ ತೊಡಕು. ಅವನು ಎರಡು ಮಾತಿಗೊಮ್ಮೆ ‘ಬ್ಲೂಮಿಂಗ್’ ಅಂತಾನೆ. ಬೈಗುಳ ಹೌದು, ಆದರೆ ಹಿರಿಯರು ಮಕ್ಕಳೆದುರಿಗೆ ಬಳಸಬಹುದಾದಷ್ಟು ತೊಳೆದ ಬೈಗುಳ. ಕನ್ನಡದಲ್ಲಿ ‘ದರಿದ್ರ’ ಅಂತ ಓದಿ ನೋಡಿದೆ, ಕಠಿಣ ಆಯ್ತು. ‘ಸುಡುಗಾಡು’ ಈ ವರ್ಷ ಬಾಯಿಗೆ ಬರಲಿಲ್ಲ. ಕೊನೆಗೆ ‘ಹಾಳಾದ್ದು’ ಸರಿಹೋಯ್ತು. ಹಾಳಾದ್ ಹಿಮ, ಹಾಳಾದ್ ಚಿಮಣಿ, ಹಾಳಾದ್ ಹಬ್ಬ. ಎರಡು ಪುಟ ಓದೋ ಹೊತ್ತಿಗೆ ಗೊತ್ತಾಯ್ತು, ಅದು ಕರೆಂಟ್ ಹೋದಾಗ, ಕನ್ನಡಕ ಸಿಗದಾಗ ಅಪ್ಪ ಅನ್ನುತ್ತಿದ್ದ ಮಾತು, ನಾನು ಓದ್ತಾ ಇದ್ದದ್ದೂ ಅವರ ಧ್ವನಿಯಲ್ಲೇ. ಈಗ ಮನೆಯಲ್ಲಿ ಅದೊಂದು ಗೀಳಾಗಿದೆ. ಮೊನ್ನೆ ಪಾರ್ಕಿಗೆ ಹೊರಟಾಗ ಚಿಕ್ಕವನಿಗೆ ಒಂದು ಕೈಗವಸು ಸಿಗಲಿಲ್ಲ. ಮೆಟ್ಟಿಲ ಮೇಲೆ ಕೂತು ದೊಡ್ಡ ಮನುಷ್ಯನ ಹಾಗೆ ಉಸಿರುಬಿಟ್ಟು, “ಹಾಳಾದ್ ಗ್ಲೌಸು” ಅಂದ. ಅವನಕ್ಕ ಶೂ ಹಾಕ್ಕೊಳ್ತಿದ್ದವಳು ತಲೆಯೆತ್ತಿ, “ಥೇಟ್ ತಾತ” ಅಂತ ನಕ್ಕಳು.